ಸದರ್ನ್ ಗ್ಯಾಂಗ್‌ಸ್ಟಾ ರ‍್ಯಾಪ್

ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಬಡಾವಣೆಗಳಲ್ಲಿ ಬೆಳೆದ, ಮಾದಕವಸ್ತುಗಳ ಮಾರಾಟ, ಬಂದೂಕು, ಪೊಲೀಸರ ಕಾಟ ಮತ್ತು ಸೆರೆವಾಸದ ಬದುಕನ್ನು ‘ನಾನು’ ಎಂಬ ದನಿಯಲ್ಲಿಯೇ ನಿರೂಪಿಸುವ ರ‍್ಯಾಪ್ ಸಂಗೀತಕ್ಕೆ ಈ ಹೆಸರಿದೆ. ಗ್ಯಾಂಗ್‌ಸ್ಟಾ ರ‍್ಯಾಪ್ 1980ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸ್‌ನಿಂದ ದೇಶವಿಡೀ ಹಬ್ಬಿತು. ರ‍್ಯಾಪಿನ ತವರಾದರೋ ನ್ಯೂಯಾರ್ಕ್. ಇವೆರಡರ ನಡುವೆ ದಕ್ಷಿಣದವರನ್ನು ಕೇಳುವವರಿರಲಿಲ್ಲವಾದ್ದರಿಂದ ಅವರು ತಮ್ಮ ಊರಿನಲ್ಲಿಯೇ ಧ್ವನಿಮುದ್ರಣ ಕಂಪನಿ ಕಟ್ಟಿಕೊಂಡು ಬೆಳೆಯಬೇಕಾಯಿತು.

ಈ ಪ್ರಕಾರದ ಸ್ವಭಾವವನ್ನು ಅರಿಯಲು ಟೆಕ್ಸಾಸ್‌ನ ಹ್ಯೂಸ್ಟನ್ ನಗರದ ಬ್ರಾಡ್ ಜೋರ್ಡನ್ ಅವರ ಏಳಿಗೆಯನ್ನು ನೋಡಿದರೆ ಸಾಕು. 1970ರಲ್ಲಿ ಹುಟ್ಟಿದ ಅವರು ಹಾಡುಗಾರರಾಗಿ ಸ್ಕಾರ್‌ಫೇಸ್ ಎಂದು ಪ್ರಸಿದ್ಧರು. ಜೇಮ್ಸ್ ಪ್ರಿನ್ಸ್ ಅವರು ಹ್ಯೂಸ್ಟನ್ನಿನಲ್ಲಿ ಸ್ಥಾಪಿಸಿದ ರ‍್ಯಾಪ್-ಎ-ಲಾಟ್ ಕಂಪನಿಯ ಗೆಟೊ ಬಾಯ್ಸ್ ತಂಡದಲ್ಲಿ ವಿಲ್ಲಿ ಡಿ ಮತ್ತು ಬುಷ್‌ವಿಕ್ ಬಿಲ್ ಅವರ ಜೊತೆಗೂಡಿ ಅವರು ಮುಂದೆ ಬಂದರು. 1990ರಲ್ಲಿ ಈ ತಂಡದ ಆಲ್ಬಮ್ಮನ್ನು ವಿತರಿಸಲು ಗೆಫೆನ್ ಕಂಪನಿ ನಿರಾಕರಿಸಿತು. ಅದರ ಸಾಹಿತ್ಯದಲ್ಲಿ ಕ್ರೌರ್ಯವೂ ಸ್ತ್ರೀದ್ವೇಷವೂ ಧಾರಾಳವಾಗಿದ್ದವೆಂಬುದನ್ನು ಅಲ್ಲಗಳೆಯಲಾಗದು. ಆದರೆ ವಿವಾದದಿಂದ ತಂಡದ ಹೆಸರು ಇನ್ನಷ್ಟು ದೂರ ಹೋಯಿತು.

ಮರುವರ್ಷ ಬಂದ ಇದೇ ತಂಡದ ‘ಮೈಂಡ್ ಪ್ಲೇಯಿಂಗ್ ಟ್ರಿಕ್ಸ್ ಆನ್ ಮಿ’ ಹಾಡು ಬಿಲ್‌ಬೋರ್ಡ್ ಹಾಟ್ 100 ಎಂಬ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 23ನೆಯ ಸ್ಥಾನ ಪಡೆಯಿತು. ಸೋಲ್ ಸಂಗೀತದ ಗಾಯಕ ಐಸಾಕ್ ಹೇಯ್ಸ್ ಅವರ ಹಳೆಯ ಗಿಟಾರ್ ನಾದದ ಮೇಲೆ ಸಾಗುವ ಈ ಹಾಡಿನ ನಾಯಕನಿಗೆ ನಿದ್ದೆ ಬಾರದು, ಯಾರೋ ಬೆನ್ನು ಹತ್ತಿದ್ದಾರೆಂಬ ಶಂಕೆ ಬಿಡದು. ಕೊನೆಯ ಭಾಗದಲ್ಲಂತೂ ವೈರಿಯನ್ನು ಬಡಿಯುತ್ತಿದ್ದೇನೆಂದು ನಂಬಿದವನು ಬರಿಯ ಕಾಂಕ್ರೀಟಿಗೆ ಗುದ್ದಿ ಕೈ ರಕ್ತ ಮಾಡಿಕೊಂಡಿರುತ್ತಾನೆ. ರೌಡಿಯ ಬಡಾಯಿಗಿಂತ ಅವನ ಭಯ, ಪಾಪಪ್ರಜ್ಞೆ ಮತ್ತು ಸಾವಿನ ಚಿಂತೆಗೆ ಹೆಚ್ಚು ಜಾಗ ಕೊಟ್ಟದ್ದೇ ದಕ್ಷಿಣದ ಈ ಪರಂಪರೆಯ ದೊಡ್ಡ ಕೊಡುಗೆ ಎಂದು ನನಗೆ ತೋರುತ್ತದೆ. 1994ರ ‘ದಿ ಡೈರಿ’ ಆಲ್ಬಮ್ಮಿನಲ್ಲಿ ಸ್ಕಾರ್‌ಫೇಸ್ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದರು.

1997ರಲ್ಲಿ ಅವರ ‘ದಿ ಅನ್‌ಟಚಬಲ್’ ಬಿಲ್‌ಬೋರ್ಡ್‌ನ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮುಂದೆ ನ್ಯೂಯಾರ್ಕಿನ ಪ್ರತಿಷ್ಠಿತ ಡೆಫ್ ಜ್ಯಾಮ್ ಕಂಪನಿಯು ಡೆಫ್ ಜ್ಯಾಮ್ ಸೌತ್ ಎಂಬ ಶಾಖೆಯನ್ನು ತೆರೆದಾಗ ಅದರ ಹೊಣೆಯನ್ನು ವಹಿಸಿಕೊಟ್ಟದ್ದು ಸ್ಕಾರ್‌ಫೇಸ್ ಅವರಿಗೇ. ಅಟ್ಲಾಂಟಾದ ರ‍್ಯಾಪ್ ಹಾಡುಗಾರ ಲುಡಾಕ್ರಿಸ್ ಅವರನ್ನು ಆ ಕಂಪನಿಗೆ ಕರೆತಂದವರೂ ಅವರೇ.