ಇಪ್ಪತ್ತು ರೂಪಾಯಿಯ ತಾಸು

ಹುಬ್ಬಳ್ಳಿಯಲ್ಲಿ ಲೆಕ್ಕಪರಿಶೋಧಕನಾಗಿರುವ ನನ್ನ ಬಳಿಗೆ ಐವತ್ತರ ಆಚೀಚಿನವರು ಬಂದು, ನೌಕರಿ ಬಿಟ್ಟು ಇಷ್ಟದ ಕೆಲಸವನ್ನೇ ಉದ್ಯೋಗ ಮಾಡಿಕೊಳ್ಳಬೇಕೆಂದಿದ್ದೇನೆ ಎನ್ನುವುದು ಈಗ ಅಪರೂಪವಲ್ಲ. ಅವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಬಂಡವಾಳದ್ದು: ಸಾಲ ಎಷ್ಟು ಸಿಕ್ಕೀತು, ಪಿಎಫ್ ಹಣ ಹಾಕಬಹುದೇ, ಪೇಟೆಯಲ್ಲಿ ಮಳಿಗೆ ಹಿಡಿಯಬೇಕೇ. ನಾನು ಕೇಳುವುದು ಬೇರೆ. ಈ ಕೆಲಸಕ್ಕೆ ನಿಮಗೆ ಎಷ್ಟು ತಾಸು ಹಿಡಿಯುತ್ತದೆ? ಇದಕ್ಕೆ ಉತ್ತರ ಇಟ್ಟುಕೊಂಡು ಬಂದವರನ್ನು ಕಂಡದ್ದು ಬಹಳ ಕಡಿಮೆ.

ಧಾರವಾಡದವರೊಬ್ಬರ ಸಂಗತಿಯನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಸಹಕಾರಿ ಬ್ಯಾಂಕೊಂದರಲ್ಲಿ 26 ವರ್ಷ ದುಡಿದ ಅವರಿಗೆ ಅಜ್ಜಿಯಿಂದ ಬಂದ ವಿದ್ಯೆ ಕಸೂತಿ. ಬಟ್ಟೆಯ ಮೇಲೆ ಗೆರೆ ಎಳೆಯದೆ, ಅಚ್ಚು ಒತ್ತದೆ, ನೂಲಿನ ಎಳೆಗಳನ್ನು ಎಣಿಸುತ್ತಲೇ ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆಗಳನ್ನು ಮೂಡಿಸುವ ಈ ಹೊಲಿಗೆಯಲ್ಲಿ ದಾರಕ್ಕೆ ಗಂಟು ಹಾಕುವ ಪದ್ಧತಿಯಿಲ್ಲ. ಗಾವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಗಳಲ್ಲಿ ಗಾವಂತಿಯ ಸೂಜಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗಗಳನ್ನು ತುಂಬುವುದರಿಂದ ಬಟ್ಟೆಯ ಎರಡೂ ಬದಿ ಚಿತ್ತಾರ ಒಂದೇ ಆಗಿರುತ್ತದೆ. ಒಂದೇ ಒಂದು ಎಳೆಯ ಎಣಿಕೆ ತಪ್ಪಿದರೂ ಮೇಲೇರುತ್ತ ಹೋದಂತೆ ಗೋಪುರದ ಕಳಸ ನಡುವಿಗೆ ಕೂಡುವುದಿಲ್ಲ, ಅಲ್ಲಿಯವರೆಗಿನದನ್ನೆಲ್ಲ ಬಿಚ್ಚಬೇಕು.

ಅವರು ತಂದಿದ್ದ ಕಪ್ಪು ಇಳಕಲ್ ಸೀರೆಯನ್ನು ನನ್ನ ಮೇಜಿನ ಮೇಲೆ ಹರವಿದರು. ಸೆರಗಿನ ತುಂಬ ಕೆಲಸವಿತ್ತು. ಸೀರೆಗೆ 2,600, ದಾರಕ್ಕೆ 220, ಫಾಲ್ ಮತ್ತು ಕುಚ್ಚಿಗೆ 180, ಒಟ್ಟು 3,000 ರೂಪಾಯಿ ಖರ್ಚು. ಇಂಥದ್ದೇ ಒಂದನ್ನು 4,700ಕ್ಕೆ ಮಾರಿ 1,700 ರೂಪಾಯಿ ಲಾಭವಾಯಿತೆಂದು ಸಂತೋಷಪಟ್ಟಿದ್ದರು. ಎಷ್ಟು ದಿನದ ಕೆಲಸವೆಂದು ಕೇಳಿದೆ. ದಿನಕ್ಕೆ ಎರಡೂವರೆ ತಾಸಿನಂತೆ 34 ದಿನ ಎಂದರು. ಎಂಬತ್ತೈದು ತಾಸು, ಅಂದರೆ ತಾಸಿಗೆ ಇಪ್ಪತ್ತು ರೂಪಾಯಿ.

"ಅದನ್ನ ಹ್ಯಾಂಗ ಲೆಕ್ಕ ಹಿಡೀತೀರಿ ಸರ? ಟಿವಿ ನೋಡಕೋತ ಕೂತು ಹಾಕಿದ್ದದು" ಎಂದರು.

"ನಾಳೆ ನೌಕರಿ ಬಿಟ್ಟ ಮ್ಯಾಲೆ ನೀವು ಮಾರೂದು ಅದನ್ನ ಅಲ್ಲೇನ್ರಿ, ಅಕ್ಕಾರ?" ಎಂದೆ.

ಹವ್ಯಾಸಕ್ಕೂ ಉದ್ಯೋಗಕ್ಕೂ ಇರುವ ಗೆರೆ ಇಲ್ಲಿದೆ. ಹವ್ಯಾಸದಲ್ಲಿ ಸಮಯವನ್ನು ಕಳೆಯುತ್ತೇವೆ, ಆದ್ದರಿಂದ ಅದಕ್ಕೆ ಬೆಲೆ ಕಟ್ಟುವ ಅಭ್ಯಾಸವಿರುವುದಿಲ್ಲ. ವರ್ಷಗಟ್ಟಲೆ ನೆಂಟರಿಷ್ಟರಿಗೆ ಪ್ರೀತಿಯಿಂದ ಮಾಡಿಕೊಟ್ಟವರಿಗಂತೂ ದುಡ್ಡು ಕೇಳುವುದೇ ಸಂಕೋಚ. ಬ್ಯಾಂಕಿನಲ್ಲಿ ಪೈಸೆಗೂ ತಾಳೆ ನೋಡುತ್ತಿದ್ದ ಆ ಹೆಣ್ಣುಮಗಳು ಸ್ವಂತ ದುಡಿಮೆಯನ್ನು ಮಾತ್ರ ಖರ್ಚಿನ ಬಾಬತ್ತಿನಲ್ಲಿ ಬರೆದಿರಲಿಲ್ಲ. ಆಗಲೇ ರಾಜೀನಾಮೆ ಕೊಡಬೇಡಿರೆಂದು ಹೇಳಿ, ಸಂಬಳ ಬರುತ್ತಿರುವಾಗಲೇ ಮೂರು ತಿಂಗಳು ಒಂದು ವಹಿ ಇಡಲು ಸೂಚಿಸಿದೆ. ಹೊಲಿದ ತಾಸು ಮಾತ್ರವಲ್ಲ, ಬಿಚ್ಚಿದ ತಾಸು, ಬಣ್ಣದ ದಾರ ಹುಡುಕಿ ಪೇಟೆ ಸುತ್ತಿದ್ದು, ಗಿರಾಕಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತ ಕೂತದ್ದು, ಎಲ್ಲವೂ ಅದರಲ್ಲಿ ಬರಬೇಕು. ವಹಿ ತುಂಬಿದಾಗ ಹೊಲಿಗೆಗೆ ಹಿಡಿದದ್ದು ಒಟ್ಟು ಸಮಯದ ಮೂರರಲ್ಲಿ ಎರಡು ಪಾಲು ಮಾತ್ರ ಎಂಬುದು ಕಂಡಿತು. ಇಪ್ಪತ್ತು ರೂಪಾಯಿ ಕೂಡ ಉತ್ಪ್ರೇಕ್ಷೆಯೇ ಆಗಿತ್ತು.

ಇನ್ನೊಬ್ಬರು ಈ ವಹಿಯ ಗೋಜಿಗೆ ಹೋಗಲಿಲ್ಲ. ನಲವತ್ತೊಂಬತ್ತರಲ್ಲಿ ಖಾಸಗಿ ಕಂಪನಿಯ ಕೆಲಸ ಬಿಟ್ಟು, ಮುಂಗಡ, ಒಳಾಂಗಣ, ಪಾತ್ರೆಪಗಡಿ ಎಂದು ಪಿಎಫ್ ಹಣದ 18 ಲಕ್ಷ ಸುರಿದು ಖಾನಾವಳಿ ತೆರೆದರು. ರೊಟ್ಟಿ, ಎಣಗಾಯಿ ನಿಜಕ್ಕೂ ಚೆನ್ನಾಗಿದ್ದವು; ನಾನೇ ಹಲವು ಬಾರಿ ಉಂಡಿದ್ದೇನೆ. ರೊಟ್ಟಿ ಬಡಿಯುವವರು ಮೇಲಿಂದ ಮೇಲೆ ಬಿಟ್ಟುಹೋಗಿ ಹದಿನಾಲ್ಕು ತಿಂಗಳಲ್ಲಿ ಬಾಗಿಲು ಮುಚ್ಚಿತು. ಮೂವತ್ತರಲ್ಲಾದರೆ ಹೋದ ಹಣವನ್ನು ಮತ್ತೆ ದುಡಿಯಲು ವರ್ಷಗಳಿರುತ್ತವೆ, ಐವತ್ತರಲ್ಲಿ ಅಷ್ಟಿರುವುದಿಲ್ಲ. ಆದ್ದರಿಂದ ಮೊದಲ ವರ್ಷ ಮಳಿಗೆ ಬೇಡ ಎಂಬ ವಿಷಯದಲ್ಲಿ ನಾನು ಹಟಮಾರಿ.

ಖಾನಾವಳಿಯವರಿಗೆ ಇನ್ನೊಂದು ಪೆಟ್ಟು ಬಿದ್ದದ್ದು ಆರೋಗ್ಯ ವಿಮೆಯಲ್ಲಿ. ಕಂಪನಿಯ ಗುಂಪು ವಿಮೆ ನೌಕರಿಯೊಂದಿಗೇ ಮುಗಿಯುತ್ತದೆ. ಮಧುಮೇಹದಂಥ ಕಾಯಿಲೆ ಮೊದಲೇ ಇದ್ದವರು ಹೊಸ ಪಾಲಿಸಿ ಮಾಡಿಸಿದರೆ ಅದಕ್ಕೆ ಸಂಬಂಧಿಸಿದ ಚಿಕಿತ್ಸೆಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಕೆಲಸ ಬಿಡುವ ಹೊತ್ತಿನಲ್ಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಕೇಳಿದರೆ ಈಗಾಗಲೇ ಕಳೆದ ಅವಧಿ ಲೆಕ್ಕಕ್ಕೆ ಬರುತ್ತದೆ, ಆದರೆ ಬೀಳ್ಕೊಡುಗೆಯ ಗಡಿಬಿಡಿಯಲ್ಲಿ ಇದನ್ನು ನೆನಪಿಸುವವರು ಯಾರೂ ಇರುವುದಿಲ್ಲ. ಪಿಎಫ್ ಹಣ ತೆಗೆಯದೆ ಬಿಟ್ಟವರು ಕೂಡ, ನೌಕರಿ ಬಿಟ್ಟ ನಂತರ ಜಮೆಯಾಗುವ ಬಡ್ಡಿಗೆ ತೆರಿಗೆಯಿದೆ ಎಂಬುದನ್ನು ತಿಳಿದಿರಬೇಕು. ನೌಕರರ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷದ ಸೇವೆ ತುಂಬಿದ್ದರೆ 58ಕ್ಕೆ ಪಿಂಚಣಿ ಸಿಗುತ್ತದೆ. ಐವತ್ತು ತುಂಬಿದ ಮೇಲೆ ಮುಂಚಿತವಾಗಿಯೂ ಪಡೆಯಬಹುದಾದರೂ 58ಕ್ಕೆ ಕಡಿಮೆ ಬೀಳುವ ಪ್ರತಿ ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಕಡಿತವಾಗುತ್ತದೆ. ಮೊತ್ತ ದೊಡ್ಡದಲ್ಲ, ಆದರೂ ಗಿರಾಕಿಗಳಿಲ್ಲದ ಆಷಾಢದಲ್ಲಿ ದಿನಸಿಗಾದರೂ ಆಗುತ್ತದೆ.

ಜಿಎಸ್‌ಟಿಗೆ ಹೆದರುವವರು ಬಹಳ. ರಾಜ್ಯದೊಳಗೆ ಸರಕನ್ನಷ್ಟೇ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಕಿಲ್ಲ. ಜತೆಗೆ ಹೊಲಿಗೆ ಕಲಿಸುವ ತರಗತಿಯ ಶುಲ್ಕವೂ ಸೇರಿದರೆ ಮಿತಿ 20 ಲಕ್ಷ. ಮನೆಯಿಂದ ಆರಂಭಿಸುವವರು ಸಾಮಾನ್ಯವಾಗಿ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಕಸೂತಿಯವರು ನೌಕರಿ ಬಿಟ್ಟದ್ದು ವಹಿ ಇಟ್ಟ ಒಂದೂವರೆ ವರ್ಷದ ಮೇಲೆ, ಮನೆಸಾಲ ತೀರಿಸಿ, ಒಂದು ವರ್ಷದ ಮನೆಖರ್ಚನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟ ಬಳಿಕ. ಸೆರಗು ತುಂಬ ಹೊಲಿಯುವ ಸೀರೆಯನ್ನು ಮುಂಗಡ ಕೊಟ್ಟವರಿಗೆ ಮಾತ್ರ, 11,000ಕ್ಕೆ ಮಾಡುತ್ತಾರೆ, ವರ್ಷಕ್ಕೆ ನಾಲ್ಕೈದು. ಉಳಿದಂತೆ ಕುಪ್ಪಸದ ಖಣ, ದುಪಟ್ಟಾದ ಅಂಚು, ವಾರಕ್ಕೆ ಮೂರು ದಿನ ತರಗತಿ. ಮೂರನೆಯ ವರ್ಷದ ಆದಾಯ ಹಳೆಯ ಸಂಬಳದ ಅರ್ಧಕ್ಕಿಂತ ತುಸು ಕಡಿಮೆಯಿದೆ, ಅದರಲ್ಲಿ ತರಗತಿಯದೇ ದೊಡ್ಡ ಪಾಲು.

ಕಳೆದ ತಿಂಗಳು ತಂದ ವಹಿಯಲ್ಲಿ ಅವರೇ ಗೆರೆ ಎಳೆದುಕೊಂಡ ಹೊಸ ಅಂಕಣವೊಂದಿತ್ತು, ಮೇಲೆ 'ಕಣ್ಣು' ಎಂದು ಬರೆದಿತ್ತು. ಚಾಳೀಸಿನ ಕನ್ನಡಕ ಹಾಕಿಕೊಂಡು ಕಪ್ಪು ಬಟ್ಟೆಯ ಎಳೆ ಎಣಿಸಲು ಹಗಲಿನಲ್ಲಿ ಎಷ್ಟು ತಾಸು ಆಗುತ್ತದೆ, ದೀಪದಡಿ ಎಷ್ಟು, ಯಾವ ದಿನ ತಲೆ ನೋಯಿತು ಎಂಬ ಟಿಪ್ಪಣಿಗಳು. ಹಗಲಿಗೆ ಮೂರು ತಾಸು, ರಾತ್ರಿಗೆ ಸೊನ್ನೆ ಎಂಬುದು ಅವರು ತೆಗೆದ ಲೆಕ್ಕ. ದೀಪಾವಳಿಗೆಂದು ಬಂದಿದ್ದ ಹನ್ನೆರಡು ಸೀರೆಗಳ ಆರ್ಡರನ್ನು ಆ ಪುಟ ನೋಡಿಯೇ ಬೇಡವೆಂದಿದ್ದರು; ಅದರಲ್ಲಿ ಎರಡನ್ನು ಮಾತ್ರ ತಮ್ಮ ಇಬ್ಬರು ವಿದ್ಯಾರ್ಥಿನಿಯರಿಗೆ ವಹಿಸಿ, ಅವರಿಗೆ ತಾಸಿಗೆ ಎಷ್ಟು ಕೊಡಬೇಕೆಂದು ಕೇಳಲು ಬಂದಿದ್ದರು.