ಜಾವಾ ಕೆಟ್ಟಿಲ್ಲ, ವಿಂಡೋ ತೆರೆಯುವ ಭಾಗ ಅದರಲ್ಲಿಲ್ಲ

ದಾವಣಗೆರೆಯ ಇಂಜಿನಿಯರಿಂಗ್ ಹುಡುಗರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ. ಜಾವಾ ಭಾಷೆಯಲ್ಲಿ ಬರೆದ ಪ್ರಾಜೆಕ್ಟಿನ ವಿಂಡೋ ತೆರೆಯಲಿಲ್ಲ ಅಂದರೆ ಕಂಪ್ಯೂಟರಿನಲ್ಲಿರುವ ಜಾವಾ ಕೆಟ್ಟಿದೆ, ತೆಗೆದು ಮತ್ತೆ ಹಾಕಬೇಕು. ವೈವಾ ಹಿಂದಿನ ರಾತ್ರಿ ರೂಮುಗಳಲ್ಲಿ ಇದೇ ಕೆಲಸ. ಎಷ್ಟು ಸಲ ಹಾಕಿದರೂ ಅದೇ ಸಾಲು ಬರುತ್ತದೆ: ಜಾವಾಎಫ್‌ಎಕ್ಸ್ ರನ್‌ಟೈಮ್ ಭಾಗಗಳು ಇಲ್ಲ. ಜಾವಾಎಫ್‌ಎಕ್ಸ್ ಅಂದರೆ ಜಾವಾ ಪ್ರೋಗ್ರಾಮಿಗೆ ವಿಂಡೋ, ಬಟನ್ ತೋರಿಸಿಕೊಡುವ ಸಾಮಾನು; ರನ್‌ಟೈಮ್ ಅಂದರೆ ಪ್ರೋಗ್ರಾಮ್ ಓಡಲು ಬೇಕಾದದ್ದು. ಆ ಸಾಲು ನಿಜವನ್ನೇ ಹೇಳುತ್ತಿದೆ. ಇಲ್ಲದ್ದು ಮತ್ತೆ ಹಾಕಿದರೆ ಎಲ್ಲಿಂದ ಬರಬೇಕು?

ಮೊದಲು ಹೀಗಿರಲಿಲ್ಲ. 1996ರ ಮೊದಲ ಜಾವಾದಲ್ಲೇ ಎಡಬ್ಲ್ಯೂಟಿ ಇತ್ತು, 1998ರಲ್ಲಿ ಸ್ವಿಂಗ್ ಸೇರಿತು; ಎರಡೂ ವಿಂಡೋ ತೆರೆಯುವ ಸಾಮಾನುಗಳೇ. ಇವೆರಡೂ ಇಂದಿಗೂ ಜೆಡಿಕೆ, ಅಂದರೆ ನಾವು ಇಳಿಸಿಕೊಳ್ಳುವ ಜಾವಾ ಕಿಟ್, ಅದರ ಒಳಗೇ ಇವೆ. ಸೀನಿಯರ್‌ಗಳ ಹಳೇ ಸ್ವಿಂಗ್ ಪ್ರಾಜೆಕ್ಟ್ ಈಗಲೂ ಓಡುವುದು ಅದಕ್ಕೇ. 2014ರ ಜಾವಾ 8ರ ಜೊತೆ ಒರಾಕಲ್ ಜಾವಾಎಫ್‌ಎಕ್ಸನ್ನೂ ಕೊಡುತ್ತಿತ್ತು. ಅದು ‘ಲಿಬ್’ ಒಳಗಿನ ‘ಎಕ್ಸ್‌ಟ್’ ಫೋಲ್ಡರಿನಲ್ಲಿತ್ತು. ಆ ಫೋಲ್ಡರಿಗೆ ಯಾವ ಜಾರ್ (ಜಾವಾ ಕೋಡನ್ನು ಕಟ್ಟಿಟ್ಟ ಫೈಲ್) ಹಾಕಿದರೂ ಜಾವಾ ತಾನಾಗಿಯೇ ಎತ್ತಿಕೊಳ್ಳುತ್ತಿತ್ತು. 2017ರಲ್ಲಿ ಜಾವಾ 9 ಆ ದಾರಿ ಮುಚ್ಚಿತು. 2018ರ ಜಾವಾ 11ರ ಹೊತ್ತಿಗೆ ಜಾವಾಎಫ್‌ಎಕ್ಸ್ ಹೊರಗೆ ಹೋಯಿತು. ಹಳೇ ಪಾಠ ನೋಡಿಕೊಂಡು ಈಗ ಆ ಫೋಲ್ಡರ್ ಮಾಡಿಟ್ಟರೆ ಜಾವಾ ಶುರುವೇ ಆಗುವುದಿಲ್ಲ. ‘ಎಕ್ಸ್‌ಟ್ ಫೋಲ್ಡರ್ ಇದೆ, ಈ ವ್ಯವಸ್ಥೆ ಈಗಿಲ್ಲ’ ಅಂತ ಹೇಳಿ ನಿಂತುಬಿಡುತ್ತದೆ.

ಈಗ ಜಾವಾಎಫ್‌ಎಕ್ಸನ್ನು ಬೇರೆಯಾಗಿ ಇಳಿಸಿಕೊಂಡು, ಪ್ರೋಗ್ರಾಮ್ ಓಡಿಸುವಾಗ ಜಾವಾಕ್ಕೆ ಹೇಳಬೇಕಾದ ಮಾತು ಎರಡು. ಜಾವಾಎಫ್‌ಎಕ್ಸಿನ ಒಂದೊಂದು ಭಾಗಕ್ಕೂ ಮಾಡ್ಯೂಲ್ ಅಂತ ಹೆಸರು. ಮಾಡ್ಯೂಲ್-ಪಾತ್ ಅಂದರೆ ಸಾಮಾನು ಎಲ್ಲಿದೆ ಅನ್ನುವುದು. ಆಡ್-ಮಾಡ್ಯೂಲ್ಸ್ ಅಂದರೆ ಅದರಲ್ಲಿ ಯಾವುದು ಬೇಕು ಅನ್ನುವುದು. ಮೊದಲನೆಯದನ್ನು ಬರೆದು ಎರಡನೆಯದನ್ನು ಬಿಡುವವರೇ ಜಾಸ್ತಿ. ನಮ್ಮ ಎಪಿಎಂಸಿಯಲ್ಲಿ ಹಮಾಲರಿಗೆ ಗೋದಾಮು ತೋರಿಸಿ ಸುಮ್ನೆ ನಿಂತರೆ ಮೆಕ್ಕೆಜೋಳದ ಚೀಲ ಲಾರಿಗೆ ಬರುತ್ತದಾ? ಯಾವ ಚೀಲ ಅಂತ ಹೇಳಬೇಕು ಅಲ್ವಾ? ‘ಜಾವಾಎಫ್‌ಎಕ್ಸ್ ಕಂಟ್ರೋಲ್ಸ್’ ಕೇಳಿದರೆ ಅದು ನೆಚ್ಚಿಕೊಂಡಿರುವ ಗ್ರಾಫಿಕ್ಸ್ ಮತ್ತು ಬೇಸ್ ಮಾಡ್ಯೂಲ್‌ಗಳೂ ಹಿಂದೆಯೇ ಬರುತ್ತವೆ. ಎಫ್‌ಎಕ್ಸ್‌ಎಂಎಲ್ ಮಾತ್ರ ಹಾಗೆ ಬರುವುದಿಲ್ಲ. ಅದು ವಿಂಡೋದ ವಿನ್ಯಾಸವನ್ನು ಬೇರೆ ಫೈಲಿನಲ್ಲಿ ಬರೆದವರಿಗೆ ಬೇಕಾಗುವ ಮಾಡ್ಯೂಲ್, ಅದನ್ನು ಬೇರೆಯಾಗಿ ಕೇಳಬೇಕು.

ಪ್ರತಿ ಸಲ ಟೈಪ್ ಮಾಡುವುದು ಬೇಡ ಅನ್ನುವವರು ಈ ಎರಡೂ ಮಾತನ್ನು ಜೆಡಿಕೆ_ಜಾವಾ_ಆಪ್ಷನ್ಸ್ ಅನ್ನುವ, ಕಂಪ್ಯೂಟರಿನ ಸೆಟ್ಟಿಂಗ್ಸಿನಲ್ಲಿ ಇರುವ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಬರೆದಿಡಬಹುದು. ಜಾವಾ 9ರಿಂದ ಇದು ನಡೆಯುತ್ತದೆ, ಜಾವಾ 8 ಇದನ್ನು ನೋಡುವುದೇ ಇಲ್ಲ. ಆದರೆ ನಾನು ಇದನ್ನು ಯಾರಿಗೂ ಹೇಳುವುದಿಲ್ಲ. ಆ ಸಾಲು ಜಾವಾ 9 ಮತ್ತು ನಂತರದ ‘ಜಾವಾ’ ಕಮಾಂಡಿನಿಂದ ಓಡಿಸುವ ಎಲ್ಲ ಪ್ರೋಗ್ರಾಮಿಗೂ ಅಂಟಿಕೊಳ್ಳುತ್ತದೆ. ನಾಳೆ ಡೌನ್‌ಲೋಡ್ಸ್ ಫೋಲ್ಡರ್ ಖಾಲಿ ಮಾಡುವಾಗ ಜಾವಾಎಫ್‌ಎಕ್ಸ್ ಕೂಡ ಹೋಯಿತು ಅನ್ನಿ. ಜಾವಾಎಫ್‌ಎಕ್ಸ್ ಸಂಬಂಧವೇ ಇಲ್ಲದ ಪ್ರೋಗ್ರಾಮೂ ‘ಮಾಡ್ಯೂಲ್ ಸಿಗಲಿಲ್ಲ’ ಅಂತ ಮುಗ್ಗರಿಸುತ್ತದೆ. ಆಗ ಮತ್ತೆ ಜಾವಾ ಕೆಟ್ಟಿದೆ ಅನ್ನುವ ಮಾತು ಶುರು.

ನನಗೆ ಮೆಚ್ಚುಗೆಯಾದದ್ದು ಜೆಲಿಂಕ್. ಇದು ಜೆಡಿಕೆ ಜೊತೆಗೇ ಬರುತ್ತದೆ. ಜಾವಾಎಫ್‌ಎಕ್ಸಿನ ಜೆಮಾಡ್ ಫೈಲುಗಳನ್ನು (ಹೀಗೆ ಕಟ್ಟಲೆಂದೇ ಮಾಡಿದ ಮಾಡ್ಯೂಲ್ ಫೈಲುಗಳು) ಇಳಿಸಿಕೊಂಡು ಕೊಟ್ಟರೆ, ಬೇಕಾದ ಮಾಡ್ಯೂಲ್‌ಗಳನ್ನಷ್ಟೇ ಸೇರಿಸಿ ಹೊಸದೊಂದು ರನ್‌ಟೈಮನ್ನೇ ಕಟ್ಟಿಕೊಡುತ್ತದೆ. ಅದರಲ್ಲಿ ಜಾವಾಎಫ್‌ಎಕ್ಸ್ ಹುಟ್ಟಿನಿಂದಲೇ ಒಳಗಿರುತ್ತದೆ, ಯಾವ ಆಪ್ಷನ್ನೂ ಬೇಕಿಲ್ಲ. ಕಟ್ಟುವಷ್ಟು ತಾಳ್ಮೆ ಇಲ್ಲದಿದ್ದರೆ ಅಜುಲ್‌ನ ಜುಲು ಎಫ್‌ಎಕ್ಸ್ ಅಥವಾ ಬೆಲ್‌ಸಾಫ್ಟ್‌ನ ಲಿಬೆರಿಕಾ ಫುಲ್ ಇಳಿಸಿಕೊಳ್ಳಿ, ಅವು ಹೀಗೇ ಸಿದ್ಧವಾಗಿ ಸಿಗುತ್ತವೆ. ಜೆಲಿಂಕ್ ಕಟ್ಟಿದ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋದರೆ ಲ್ಯಾಬಿನಲ್ಲಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆದರೆ ವಿಂಡೋಸ್‌ಗೆ ಕಟ್ಟಿದ್ದು ವಿಂಡೋಸ್‌ನಲ್ಲೇ ಓಡುವುದು. ಲ್ಯಾಬಿನಲ್ಲಿ ಉಬುಂಟು ಇದ್ದರೆ ಲಿನಕ್ಸ್‌ನ ಜೆಡಿಕೆ ಮತ್ತು ಲಿನಕ್ಸ್‌ನ ಜೆಮಾಡ್‌ಗಳಿಂದಲೇ ಕಟ್ಟಿಕೊಳ್ಳಬೇಕು.