ಕಾಪಿರೈಟ್ 1873 ಎಂದಿದೆ, ಮೊದಲ ಮುದ್ರಣ ತಾನೆ?

ಪ್ರಶ್ನೆ: ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್‌ನ ಇಂಗ್ಲಿಷ್ ಅನುವಾದದ ಹಳೆಯ ಅಮೆರಿಕನ್ ಪ್ರತಿಯೊಂದು ಮಾರಾಟಕ್ಕಿದೆ. ಒಳಗೆ ಕಾಪಿರೈಟ್ 1873 ಎಂದಿದೆ. ಮೊದಲ ಮುದ್ರಣ ಅಂತ ನಂಬಬಹುದೇ?

ಅಷ್ಟನ್ನೇ ನೋಡಿ ನಂಬಬೇಡಿ. ಈ ಪ್ರಶ್ನೆ ಇಸವಿ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಲೇ ಇದೆ, ಹಾಗಾಗಿ ಈ ಸಲ ಬುಡದಿಂದಲೇ ಹೇಳುತ್ತೇನೆ.

ಕಾಪಿರೈಟ್ ಇಸವಿ ತಿಳಿಸುವುದು ಹಕ್ಕು ಯಾವಾಗ ದಾಖಲಾಯಿತು ಎಂಬುದನ್ನು ಮಾತ್ರ. ನಿಮ್ಮ ಕೈಯಲ್ಲಿರುವ ಹಾಳೆ ಯಾವಾಗ ಅಚ್ಚಾಯಿತೆಂದು ಅದು ಹೇಳುವುದಿಲ್ಲ. ಆಗ ಜೋಡಿಸಿದ ಅಚ್ಚುಮೊಳೆಗಳಿಂದ ಲೋಹದ ಪ್ಲೇಟು ಎರಕ ಹೊಯ್ದು ಇಟ್ಟುಕೊಳ್ಳುತ್ತಿದ್ದರು. ಇಪ್ಪತ್ತು ವರ್ಷ ಬಿಟ್ಟು ಅದೇ ಪ್ಲೇಟಿನಿಂದ ಒತ್ತಿದರೂ ಹಳೆಯ ಇಸವಿ ಹಾಗೇ ಮೂಡುತ್ತದೆ. ಪ್ಲೇಟುಗಳು ಒಬ್ಬ ಪ್ರಕಾಶಕನಿಂದ ಇನ್ನೊಬ್ಬನಿಗೆ ಮಾರಾಟವಾಗುತ್ತಿದ್ದವು ಕೂಡ. ಎ. ಎಲ್. ಬರ್ಟ್ ಎಂಬ ಪ್ರಕಾಶನ ಸಂಸ್ಥೆ ಶುರುವಾದದ್ದೇ 1883ರಲ್ಲಿ. ಇಸವಿಯೇ ಇಲ್ಲದ ಅವರ ಪ್ರತಿಗೂ ‘ಸುಮಾರು 1873’ ಎಂದು ಚೀಟಿ ಅಂಟಿಸುವವರಿದ್ದಾರೆ, ಕಣ್ಣು ಮುಚ್ಚಿಕೊಂಡು ಕೊಳ್ಳುವವರೂ ಇದ್ದಾರೆ!

ಮೊದಲು ನೋಡಬೇಕಾದದ್ದು ಟೈಟಲ್ ಪೇಜಿನ ಕೆಳತುದಿ. ಅಲ್ಲಿ ಇಸವಿ ಉಂಟೋ, ಯಾರ ಹೆಸರಿದೆ, ಯಾವ ವಿಳಾಸವಿದೆ? ನ್ಯೂಯಾರ್ಕಿನ ‘ಸ್ಕ್ರಿಬ್ನರ್, ಆರ್ಮ್‌ಸ್ಟ್ರಾಂಗ್ ಅಂಡ್ ಕಂಪನಿ’ 1878ರಲ್ಲಿ ‘ಚಾರ್ಲ್ಸ್ ಸ್ಕ್ರಿಬ್ನರ್ಸ್ ಸನ್ಸ್’ ಆಯಿತು. ಎರಡನೆಯ ಹೆಸರಿದ್ದರೆ, ಆ ಪುಟದ ಹಿಂಬದಿಯಲ್ಲಿ ಏನೇ ಬರೆದಿರಲಿ, ಪ್ರತಿ 1878ಕ್ಕಿಂತ ಹಿಂದಿನದಲ್ಲ. ಆಮೇಲೆ ಕೊನೆಯ ಜಾಹೀರಾತು ಪುಟಗಳಿಗೆ ಬನ್ನಿ. ಟೈಟಲ್ ಪೇಜಿನಲ್ಲಿ 1874 ಇದ್ದು, ಜಾಹೀರಾತಿನಲ್ಲಿ ವರ್ನ್‌ನದೇ ‘ಮೈಕೆಲ್ ಸ್ಟ್ರೋಗಾಫ್’ ಕಂಡರೆ ಅನುಮಾನಿಸಿ. ಆ ಕಾದಂಬರಿ ಫ್ರೆಂಚಿನಲ್ಲೇ ಹೊರಬಂದದ್ದು 1876ರಲ್ಲಿ. ಒಳಹಾಳೆ 1874ರದ್ದೇ ಇರಬಹುದು, ಬೈಂಡಾದದ್ದು ಮಾತ್ರ ತಡವಾಗಿ. ಬೆಲೆ ಮಾತಾಡುವಾಗ ಇದು ಸಣ್ಣ ವಿಷಯವಲ್ಲ.

ಒಂದೇ ಇಸವಿಯಲ್ಲೂ ವ್ಯತ್ಯಾಸವಿರುತ್ತದೆ. ‘ಟ್ವೆಂಟಿ ಥೌಸಂಡ್ ಲೀಗ್ಸ್’ ಕಾದಂಬರಿಯ 1873ರ ಬಾಸ್ಟನ್ ಪ್ರತಿಗಳಲ್ಲಿ ಪ್ರಕಾಶಕ ಜಾರ್ಜ್ ಎಂ. ಸ್ಮಿತ್ ಹೆಸರಿನವು ಆಗಾಗ ಸಿಗುತ್ತವೆ. ಇನ್ನೊಬ್ಬ ಪ್ರಕಾಶಕ ಜೇಮ್ಸ್ ಆರ್. ಆಸ್ಗುಡ್ ಹೆಸರಿನವು ತೀರಾ ಅಪರೂಪ.

ಚಿತ್ರಗಳ ಪಟ್ಟಿಯಿದ್ದರೆ ಪುಟದ ಲೆಕ್ಕಕ್ಕೆ ಸೇರದ ಬಿಡಿಚಿತ್ರಗಳನ್ನು ಒಂದೊಂದಾಗಿ ತಾಳೆ ನೋಡಿ. ಹೊಲಿಗೆ ಸಡಿಲವಾದಾಗ ಮೊದಲು ಉದುರುವುದು ಅವೇ.

ಒಂದೇ ಕಾದಂಬರಿಗೆ ಇಷ್ಟೊಂದು ಪ್ರಕಾಶಕರು ಯಾಕೆ ಅಂತ ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. 1891ರ ಚೇಸ್ ಕಾಯ್ದೆಯ ತನಕ ವಿದೇಶಿ ಲೇಖಕರಿಗೆ ಅಮೆರಿಕದಲ್ಲಿ ಹಕ್ಕುಸ್ವಾಮ್ಯವೇ ಇರಲಿಲ್ಲ. ಅಮೆರಿಕದವನೇ ಮಾಡಿದ ಅನುವಾದಕ್ಕೆ ಹಕ್ಕು ಸಿಗುತ್ತಿತ್ತು. ಲಂಡನ್ನಿನ ಅನುವಾದವನ್ನು ಯಾರು ಬೇಕಾದರೂ ಎತ್ತಿ ಅಚ್ಚು ಹಾಕಬಹುದಿತ್ತು. ಭೂಗರ್ಭಯಾತ್ರೆಯ ಕಾದಂಬರಿ ‘ಜರ್ನಿ ಟು ದ ಸೆಂಟರ್ ಆಫ್ ದಿ ಅರ್ತ್’ನಲ್ಲಿ ಇದನ್ನು ಸುಲಭವಾಗಿ ಹಿಡಿಯಬಹುದು. ಮಾರುವವರಿಂದ ಮೊದಲ ಅಧ್ಯಾಯದ ಫೋಟೊ ತರಿಸಿಕೊಳ್ಳಿ. ವರ್ನ್‌ನ ಪ್ರೊಫೆಸರ್ ಲಿಡನ್‌ಬ್ರಾಕ್ ಅಲ್ಲಿ ‘ಹಾರ್ಡ್‌ವಿಗ್’ ಆಗಿ, ಸೋದರಳಿಯ ಆಕ್ಸೆಲ್ ‘ಹ್ಯಾರಿ’ ಆಗಿದ್ದರೆ, ಅದು ಲಂಡನ್ನಿನ ಗ್ರಿಫಿತ್ ಅಂಡ್ ಫ್ಯಾರನ್ ಅವರ ಪಠ್ಯ. ಅಗ್ಗದ ಪ್ರಕಾಶಕರು ದಶಕಗಟ್ಟಲೆ ಅಚ್ಚು ಹಾಕಿದ್ದು ಇದನ್ನೇ.